ಹೆಳವರು ಹೇಳದ ಹೆಸರು

ಮೈಸೂರು
18 ನವೆಂಬರ್ 2024

ದೊಡ್ಡಪ್ಪನವರಿಗೆ ಶಿವಲೀಲಾಳ ನಮಸ್ಕಾರಗಳು.

ಫೋನಿನಲ್ಲಿ ಮಾತಾಡಿದರೆ ನೀವು ಅರ್ಧಕ್ಕೇ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. "ಜಗಳ ಆಡೋದಿದ್ರ ಬರದು ಆಡು, ನಾಳಿಗಿ ಇಲ್ಲ ಅನ್ನಾಕ ಬರಬಾರದು" ಎಂದು ನೀವೇ ಒಮ್ಮೆ ಅಪ್ಪನಿಗೆ ಹೇಳಿದ್ದಿರಿ. ಆದರೆ ಇದು ಜಗಳವಲ್ಲ, ನಿಮ್ಮಿಂದ ಆಗಬೇಕಾದ ಒಂದು ಕೆಲಸ.

ಈ ಸಲ ಬಿ.ಎ.ಯವರೆಲ್ಲ ಬೇರೆ ವಿಭಾಗದ ಒಂದು ವಿಷಯ ತೆಗೆದುಕೊಳ್ಳಬೇಕು. ನಾನು ಹೋಗುವಷ್ಟರಲ್ಲಿ ಉಳಿದವೆಲ್ಲ ತುಂಬಿದ್ದವು. ದೊಡ್ಡ ಕೋಣೆಯಲ್ಲಿ ನಡೆಯುವ "ಕೊರಿಯಾದ ಇತಿಹಾಸ ಮತ್ತು ನಾಗರಿಕತೆ"ಯಲ್ಲಿ ಮಾತ್ರ ಜಾಗವಿತ್ತು. ಮೊದಲ ದಿನ ಅರ್ಚನಾ ಮೇಡಂ ಯಾಕೆ ಸೇರಿದಿರಿ ಎಂದು ಕೇಳಿದಾಗ ಎಲ್ಲರೂ ಕೊರಿಯಾದ ಧಾರಾವಾಹಿ, ಹಾಡುಗಾರರ ಹೆಸರು ಹೇಳಿದರು. ನಾನು, ಬೇರೆಲ್ಲೂ ಸೀಟು ಸಿಗಲಿಲ್ಲ ಎಂದೆ. ಅಂದಿನಿಂದ ನನ್ನ ಪಕ್ಕ ಯಾರೂ ಕೂರುವುದಿಲ್ಲ.

ಕಳೆದ ವಾರ ಮೇಡಂ ಕೊರಿಯಾದವರ ವಂಶಾವಳಿಗಳ ಚಿತ್ರ ತೋರಿಸಿದರು. ಅವಕ್ಕೆ ಜೊಕ್ಬೊ ಎನ್ನುತ್ತಾರೆ. ನೂರಾರು ವರ್ಷಗಳಿಂದ ಮನೆತನದ ಹೆಸರುಗಳನ್ನು ಒಂದೂ ಬಿಡದೆ ಬರೆದಿಟ್ಟಿದ್ದಾರೆ. "ನಮ್ಮ ಹಳ್ಳಿಗಳಲ್ಲಿ ಇಂಥದ್ದು ಇರಲಿಲ್ಲ" ಎಂದರು. ನಾನು ಎದ್ದು ನಿಂತು, ಇದೆ ಮೇಡಂ ಎಂದೆ. ನಮ್ಮ ಕಡೆ ಹೆಳವರು ಅಂತ ಇದ್ದಾರೆ, ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಹೆಳವ, ಸುಗ್ಗಿ ಮುಗಿದ ಮೇಲೆ ಬಂದು ಬಾಗಿಲಲ್ಲಿ ನಿಂತು ಮೂಲ ಪುರುಷನಿಂದ ಹಿಡಿದು ಇವತ್ತಿನವರ ತನಕ ಬಾಯಿಪಾಠ ಹೇಳುತ್ತಾನೆ, ಹಿಂದೆಲ್ಲ ಎತ್ತಿನ ಮೇಲೆ ಕೂತು ಬರುತ್ತಿದ್ದರು ಎಂದೆ. ಹಿಂದಿನ ಬೆಂಚಿನಿಂದ ಯಾರೋ "ಎತ್ತಿನ ಮೇಲೆ ಗೂಗಲ್" ಎಂದರು. ಇಡೀ ಕೋಣೆ ನಕ್ಕಿತು. ಮೇಡಂ ನಗಲಿಲ್ಲ. "ತಂದು ತೋರಿಸು, ಅದೇ ನಿನ್ನ ಪ್ರಾಜೆಕ್ಟ್" ಎಂದರು.

ನಮ್ಮ ಹೆಳವ ಜಂಬಣ್ಣ ಈ ವರ್ಷ ಬರಬೇಕಲ್ಲವೇ? ಅವನಿಗೆ ವಯಸ್ಸಾಗಿದೆ, ಮಗ ಹೊಸಪೇಟೆಯ ಬೈಕ್ ಅಂಗಡಿ ಸೇರಿದ್ದಾನಂತೆ. ಇದೇ ಕೊನೆಯ ಸಲವೂ ಆಗಬಹುದು. ಅವನು ಹೇಳುವುದನ್ನು ನಿಮ್ಮ ಮೊಬೈಲಿನಲ್ಲಿ ಹಿಡಿದು ಕಳಿಸಿ.

ಓದು ಬಾರದ ಗಾದೆಮ್ಮತ್ತಿಗೆ ಈ ಕಾಗದ ಓದಿ ಹೇಳಿ.

ಶಿವಲೀಲಾ


ಕಾನಹೊಸಹಳ್ಳಿ
27 ನವೆಂಬರ್ 2024

ಚಿ. ಶಿವಲೀಲಾಳಿಗೆ ದೊಡ್ಡಪ್ಪ ಕರಿಸಿದ್ದಪ್ಪನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ನಗಬೇಕೋ ಉಗುಳಬೇಕೋ ತಿಳಿಯಲಿಲ್ಲ.

ನಾನು ಈ ಊರಿನ ಬಸ್ ನಿಲ್ದಾಣದಲ್ಲಿ ಪೇಪರ್ ಏಜೆನ್ಸಿ ಇಟ್ಟು ಮುದುಕನಾದವನು. ಪ್ರತಿ ಪೇಪರನ್ನೂ ಮಾರುವ ಮೊದಲು ಓದಿದ್ದೇನೆ. ಕೊರಿಯಾ ನನಗೆ ನಿನ್ನ ಮೇಡಂ ಹುಟ್ಟುವ ಮೊದಲೇ ಗೊತ್ತು. 1953ರ ಜುಲೈನಲ್ಲಿ ಅಲ್ಲಿ ಯುದ್ಧ ನಿಲ್ಲಿಸಿ ಗೆರೆ ಎಳೆದರು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಬಳ್ಳಾರಿ ಸೀಮೆಯನ್ನು ಮದ್ರಾಸ್ ರಾಜ್ಯದಿಂದ ಕಿತ್ತು ನೀನೀಗ ಕೂತಿರುವ ಮೈಸೂರಿನ ರಾಜ್ಯಕ್ಕೆ ಸೇರಿಸಿದರು. ನಾನಾಗ ಎರಡು ವರ್ಷದ ಕೂಸು. ಆ ಗೆರೆಗೆ ಪುಸ್ತಕ, ಪಾಠ, ಪರೀಕ್ಷೆ. ನಮ್ಮ ಗೆರೆಗೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಎರಡು ಅಂಕದ ಒಂದು ಪ್ರಶ್ನೆಯಾದರೂ ಇದೆಯೇ? ಹರಪನಹಳ್ಳಿಯನ್ನು ತೆಗೆದುಕೋ. ಬಳ್ಳಾರಿಯಿಂದ ದಾವಣಗೆರೆಗೆ ಕೊಟ್ಟರು, ಮತ್ತೆ ಬಳ್ಳಾರಿಗೆ ತಂದರು, ಈಗ ವಿಜಯನಗರ ಜಿಲ್ಲೆ ಎನ್ನುತ್ತಾರೆ. ಆ ತಾಲ್ಲೂಕಿನ ಚಿಗಟೇರಿಯ ನಮ್ಮ ಬೀಗರು ಕೂತ ಕಟ್ಟೆಯಿಂದ ಏಳದೆ ಮೂರು ಜಿಲ್ಲೆ ನೋಡಿದರು. ಇದನ್ನು ಓದಿಸುವವರು ಯಾರೂ ಇಲ್ಲ. ಕೂಡ್ಲಿಗಿ ತಾಲ್ಲೂಕಿನ ಹುಡುಗಿ ಮೈಸೂರಿಗೆ ಹೋಗಿ ಕೊರಿಯಾದವರ ಅಜ್ಜಂದಿರ ಹೆಸರು ಉರು ಹೊಡೆಯಬೇಕು.

ರೆಕಾರ್ಡ್ ಮಾಡುವ ಮಾತು ಎತ್ತಬೇಡ. ಹೆಳವ ಮನೆ ಬಾಗಿಲಲ್ಲಿ ನಿಂತು ಹೇಳುವುದು ಮನೆಯವರಿಗಾಗಿ. ನಿನ್ನ ಹಿಂದಿನ ಬೆಂಚಿನವರು ಹಲ್ಲು ಕಿರಿಯಲೆಂದು ಅಲ್ಲ. ನಿನ್ನ ಮುತ್ತಜ್ಜ ಜಂಬಣ್ಣನ ತಾತನಿಗೆ ಆಕಳು ಕೊಟ್ಟಿದ್ದ. ಆಕಳು ಕೊಟ್ಟವರನ್ನು ಹೆಳವ ತಾನು ಹೋದ ಪ್ರತಿ ಮನೆಯಲ್ಲೂ ಹೊಗಳಬೇಕು, ಅದು ಅವರ ಕರಾರು. ಇವತ್ತಿಗೂ ಹಡಗಲಿ ತನಕ ನಮ್ಮ ಮುತ್ಯಾನ ಹೆಸರು ಬಾಗಿಲು ಬಾಗಿಲಲ್ಲಿ ಕೇಳುತ್ತದೆ. ಯಾವ ಜೊಕ್ಬೊ ಇದನ್ನು ಮಾಡೀತು?

ಅಕ್ಕ ಗಾದೆಮ್ಮನಿಗೆ ಓದಿ ಹೇಳಿದೆ. "ಓದಲಿ ಬಿಡು, ಹುಡುಗಿಗಿ ಅಲ್ಲಿ ಚಳಿ ಬಾಳ ಐತೇನಂತ ಕೇಳು" ಎಂದಳು.

ಕರಿಸಿದ್ದಪ್ಪ


ಮೈಸೂರು
6 ಡಿಸೆಂಬರ್ 2024

ದೊಡ್ಡಪ್ಪನವರಿಗೆ ನಮಸ್ಕಾರ.

ಚಳಿ ಇಲ್ಲ ಎಂದು ಗಾದೆಮ್ಮತ್ತಿಗೆ ಹೇಳಿ.

ನಾನು ಮೊದಲ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅರ್ಚನಾ ಮೇಡಂ ಕೇಳಿದರು: "ನಿಮ್ಮ ಹೆಳವ ಹೇಳುವಾಗ ನಿನ್ನ ಹೆಸರು ಎಲ್ಲಿ ಬರುತ್ತದೆ?" ನಿಂತಲ್ಲೇ ಮನಸ್ಸಿನಲ್ಲಿ ಎಣಿಸಿದೆ. ಚಿಕ್ಕಂದಿನಿಂದ ಕೇಳಿದ್ದೇನೆ, ಮುತ್ಯಾ ಬರುತ್ತಾನೆ, ಅಜ್ಜ ಬರುತ್ತಾನೆ, ನೀವು ಬರುತ್ತೀರಿ, ಅಪ್ಪ ಬರುತ್ತಾನೆ. ಅಪ್ಪನಾದ ಮೇಲೆ ಜಂಬಣ್ಣ ಕೈ ಮುಗಿದು ಜೋಳ ಕೇಳುತ್ತಾನೆ. ನಾನು ಎಲ್ಲೂ ಇಲ್ಲ. ನಾನಿರಲಿ, ಅತ್ತಿ ಎಲ್ಲಿದ್ದಾಳೆ?

ಗಾದೆಮ್ಮತ್ತಿ ಈ ಮನೆಯ ಹಿರಿಯ ಮಗಳು. ತೆಲಿಗಿಗೆ ಕೊಟ್ಟರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದು ಇವಳನ್ನು ಹೊರಗೆ ಹಾಕಿದ. ತವರಿಗೆ ಬಂದ ಅತ್ತಿ, ತಾಯಿ ಇಲ್ಲದ ನನ್ನ ಅಪ್ಪನನ್ನು ಸೊಂಟದಲ್ಲಿ ಕಟ್ಟಿಕೊಂಡು ಕುರಿ ಕಾದಳು, ನಿಮ್ಮನ್ನು ಹೈಸ್ಕೂಲು ಓದಿಸಿದಳು. ತೆಲಿಗಿಯ ಮನೆಗೂ ಜಂಬಣ್ಣನೇ ಹೆಳವ, ಆ ಮನೆಯ ಹೆಸರುಗಳಲ್ಲಿ ಅವಳಿಲ್ಲ, ಮಕ್ಕಳಿಲ್ಲವಲ್ಲ. ನಮ್ಮ ಮನೆಯ ಹೆಸರುಗಳಲ್ಲಿ ಅವಳಿಲ್ಲ, ಕೊಟ್ಟ ಹೆಣ್ಣಲ್ಲವೇ. ಹಾಗಾದರೆ ಅವಳು ಎಲ್ಲಿ ಬದುಕಿದಳು?

ಕೊರಿಯಾದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ವಂಶಾವಳಿ 1476ರದು. ಅದರಲ್ಲಿ ಗಂಡು ಮೊದಲು ಹೆಣ್ಣು ಆಮೇಲೆ ಅಂತ ಇಲ್ಲ, ಹುಟ್ಟಿದ ಕ್ರಮದಲ್ಲಿ ಹೆಣ್ಣುಮಕ್ಕಳ ಸಾಲೂ ಇದೆ. ಹಿರಿಯರ ಪೂಜೆಯನ್ನು ಗಂಡುಮಕ್ಕಳು ಹೆಣ್ಣುಮಕ್ಕಳು ಸರದಿಯ ಮೇಲೆ ಮಾಡುತ್ತಿದ್ದರು, ಆಸ್ತಿಯೂ ಸಮ ಇತ್ತು. ಇದೆಲ್ಲ ಅಳಿಸಿದ್ದು ಆಮೇಲೆ. ಮೇಡಂ ಕೊಟ್ಟ ಪುಟಗಳ ಝೆರಾಕ್ಸ್ ಇಟ್ಟಿದ್ದೇನೆ, ಇಂಗ್ಲಿಷಿನಲ್ಲಿದೆ, ನಿಮಗೆ ಕಷ್ಟವಾಗದು.

ಜಂಬಣ್ಣ ಬಂದಾಗ ಅತ್ತಿಯ ಹೆಸರು ಸೇರಿಸಲು ಹೇಳಿ. ಮನೆಯ ಯಜಮಾನ ಹೇಳಿದರೆ ಸೇರಿಸುತ್ತಾನೆ.

ಶಿವಲೀಲಾ


ಕಾನಹೊಸಹಳ್ಳಿ
16 ಡಿಸೆಂಬರ್ 2024

ಶಿವಲೀಲಾಳಿಗೆ,

ನೀನು ಕಳಿಸಿದ ಪುಟಗಳನ್ನು ನಿಘಂಟು ಇಟ್ಟುಕೊಂಡು ಕೊನೆಯ ಸಾಲಿನ ತನಕ ಓದಿದೆ. ನೀನು ಓದಿಲ್ಲ, ಅಥವಾ ಓದಿ ಮುಚ್ಚಿಟ್ಟಿದ್ದೀಯ. ಹೆಣ್ಣುಮಕ್ಕಳ ಸಾಲು ಇದೆ, ನಿಜ. ಆ ಸಾಲಿನಲ್ಲಿ ಬರೆದಿರುವುದು ಯಾರ ಹೆಸರು? ಅಳಿಯನ ಹೆಸರು. ಮಗಳು ಇರಬೇಕಾದ ಜಾಗದಲ್ಲಿ ಅವಳ ಗಂಡ ಕೂತಿದ್ದಾನೆ. ನಿನ್ನ ಕೊರಿಯಾದ ನ್ಯಾಯ ಇಲ್ಲಿಗೆ ತಂದರೆ ಗಾದೆಮ್ಮನ ಜಾಗದಲ್ಲಿ ತೆಲಿಗಿಯ ಆ ನಾಯಿಯ ಹೆಸರನ್ನು ನಮ್ಮ ಬಾಗಿಲಲ್ಲಿ ಕೂಗಿಸಬೇಕಾಗುತ್ತದೆ. ಕೂಗಿಸಲೇ?

ಅರ್ಧ ಪುಟ ಓದಿ ಹಿರಿಯರಿಗೆ ಬುದ್ಧಿ ಹೇಳುವುದನ್ನು ಈ ಊರಿನಲ್ಲಿ ಎಷ್ಟೋ ಜನ ಪುಢಾರಿಗಳು ಮಾಡಿದ್ದಾರೆ. ಅವರ ಭಾಷಣಗಳೆಲ್ಲ ನನಗೆ ನೆನಪಿವೆ. ನೀನೂ ಅವರ ಸಾಲಿಗೆ ಸೇರಿದೆ. ಆಸ್ತಿ ಸಮ ಎಂದು ಎಲ್ಲಿಂದಲೋ ತಂದು ತುರುಕಿದ್ದನ್ನೂ ನೋಡಿದೆ. ಹೊಲದ ಪಾಲು ಬೇಕಿದ್ದರೆ ಕಾನೂನು ಇದೆ, ನೇರವಾಗಿ ಕೇಳು. ಕೊರಿಯಾ ಸುತ್ತಿ ಬರಬೇಡ.

ಗಾದೆಮ್ಮನಿಗೆ ಹೆಸರು ಬೇಡವಂತೆ. ಕೇಳಿದೆ.

ಕರಿಸಿದ್ದಪ್ಪ


ಮೈಸೂರು
24 ಡಿಸೆಂಬರ್ 2024

ದೊಡ್ಡಪ್ಪ,

ಅಳಿಯನ ಹೆಸರಿನ ಸಾಲು ನಾನು ಓದಿದ್ದೆ. ನೀವು ಅಷ್ಟು ದೂರ ಓದಲಾರಿರಿ ಎಂದುಕೊಂಡಿದ್ದೆ. ಅದು ನನ್ನ ತಪ್ಪು ಲೆಕ್ಕ.

ಆದರೂ ನೋಡಿ, ಅಲ್ಲಿ ಒಂದು ಜಾಗವಾದರೂ ಇತ್ತು. ಮೊದಲ ಮಗು ಹೆಣ್ಣು ಎಂದು ಎಣಿಸಿದ್ದರು. ನಮ್ಮಲ್ಲಿ ಆ ಖಾಲಿ ಜಾಗವೂ ಇಲ್ಲ. ಜಂಬಣ್ಣನ ಬಾಯಲ್ಲಿ ನೀವೇ ಅಜ್ಜನ ಹಿರಿಯ ಮಗು.

ಹೊಲದ ಪಾಲಿನ ಮಾತು ಓದಿ ಕಾಗದ ಹರಿದು ಹಾಕಿದೆ, ಆಮೇಲೆ ಅಂಟಿಸಿದೆ, ನಾಳೆ ಇಲ್ಲ ಅನ್ನಲು ಬರಬಾರದಲ್ಲ.

ಒಂದು ಕೇಳುತ್ತೇನೆ. ನನ್ನ ಕಾಗದಗಳನ್ನು ಗಾದೆಮ್ಮತ್ತಿಗೆ ಪೂರ್ತಿ ಓದಿ ಹೇಳಿದಿರಾ? ನಿಲ್ದಾಣದಲ್ಲಿ ಪೇಪರ್ ಓದಿ ಹೇಳುವಾಗ ನಿಮಗೆ ಆಗದ ಪಕ್ಷದ ಸುದ್ದಿಯನ್ನು ನೀವು ಹೇಗೆ ಹಾರಿಸುತ್ತಿದ್ದಿರಿ ಎನ್ನುವುದು ನನಗೂ ನೆನಪಿದೆ. ನೆನಪು ನಿಮ್ಮೊಬ್ಬರ ಮನೆಯದಲ್ಲ.

ಸಂಕ್ರಾಂತಿಗೆ ಬರುತ್ತೇನೆ. ಜಂಬಣ್ಣನಿಗೆ ನಾನೇ ಹೇಳುತ್ತೇನೆ.

ಶಿವಲೀಲಾ


ಮೈಸೂರು
22 ಜನವರಿ 2025

ದೊಡ್ಡಪ್ಪ,

ಅಲ್ಲಿದ್ದಾಗ ಗೊತ್ತಾಗಲಿಲ್ಲ, ಈಗ ಬರೆಯುತ್ತಿದ್ದೇನೆ. ಇಡೀ ವಾರ ನಾನು ಕಟ್ಟೆಯ ಮೇಲೆ ಕೂತು ದಾರಿ ಕಾದದ್ದನ್ನು ನೀವು ಪೇಪರಿನ ಮರೆಯಿಂದ ನೋಡುತ್ತಿದ್ದಿರಿ. ನಿನ್ನೆ ಚಿಗಟೇರಿಯ ಬೀಗರ ಮನೆಯ ಸುಮಲತಾ ಫೋನ್ ಮಾಡಿದ್ದಳು. ಸಂಕ್ರಾಂತಿಗೆ ಜಂಬಣ್ಣ ಅವರ ಮನೆಯಲ್ಲಿ ಊಟ ಮಾಡುತ್ತಾ, "ಕಾನಹೊಸಹಳ್ಳಿ ಯಜಮಾನ್ರು ಫೋನ್ ಮಾಡ್ಯಾರ, ಹುಡುಗಿ ಮೈಸೂರಿಗಿ ಹೋದ ಮ್ಯಾಲೆ ಬಾ ಅಂದಾರ" ಎಂದನಂತೆ. ಜಗಳವನ್ನು ಬರೆದು ಆಡಬೇಕು ಎಂದವರು ಇದನ್ನು ಫೋನಿನಲ್ಲಿ ಆಡಿದಿರಿ.

ನೀವು ಗೆದ್ದಿರಿ. ಅತ್ತಿಯೂ ನಿಮ್ಮ ಕಡೆಯೇ. ಹೊರಡುವ ದಿನ ಅವಳು ಕೆಂದಿ ಆಕಳ ಹಾಲು ಹಿಂಡುತ್ತಿದ್ದಾಗ ಕೂತು ಎಲ್ಲ ಹೇಳಿದೆ, ನಿಮ್ಮ ಕಾಗದಗಳನ್ನೂ ಓದಿದೆ, ಒಂದು ಅಕ್ಷರ ಬಿಡದೆ. "ಹೆಸರು ತಗೊಂಡು ಏನ್ ಮಾಡ್ಲವ್ವ, ಒಲಿಗಿ ಹಚ್ಚಲೇನು?" ಎಂದಳು. ತಂಬಿಗೆ ತುಂಬಿದ ಮೇಲೆ, "ಜಂಬಣ್ಣ ನಮ್ಮನಿ ಆದ ಮ್ಯಾಲೆ ತೆಲಿಗಿಗಿ ಹೋಗ್ತಾನೋ, ಅಲ್ಲಿಂದ ಇಲ್ಲಿಗಿ ಬರ್ತಾನೋ?" ಎಂದು ಕೇಳಿದಳು. ಇಷ್ಟು ವರ್ಷದ ಮೇಲೂ ಆ ಊರಿನ ಹೆಸರು ಬಂದರೆ ಅವಳಿಗೆ ಹೆದರಿಕೆ. ನಮ್ಮನಿ ಮೊದಲಂತ ಅತ್ತಿ, ತೆಲಿಗಿ ಆಮ್ಯಾಲೆ, ಎಂದೆ. ಕೆಂದಿಯ ಬೆನ್ನು ತಟ್ಟಿ ಎದ್ದಳು.

ಶಿವಲೀಲಾ


ಕಾನಹೊಸಹಳ್ಳಿ
30 ಜನವರಿ 2025

ಶಿವಲೀಲಾ,

ಹೌದು, ಫೋನ್ ಮಾಡಿದೆ. ಮತ್ತೆ ಮಾಡಬೇಕಾಗಿ ಬಂದರೆ ಮತ್ತೆ ಮಾಡುತ್ತೇನೆ.

ನಿನಗೆ ಹೆಳವರ ರೀತಿ ಗೊತ್ತಿಲ್ಲ. ಹೆಣ್ಣಿನ ಹೆಸರು ಎತ್ತಿದರೆ ಅವನು ಅಲ್ಲಿಗೇ ನಿಲ್ಲಿಸುವುದಿಲ್ಲ. ಎಲ್ಲಿಗೆ ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮಕ್ಕಳು, ಎಲ್ಲ ಹೇಳಬೇಕು. ಓಣಿಯವರೆಲ್ಲ ಸೇರಿರುತ್ತಾರೆ. "ತೆಲಿಗಿಗಿ ಕೊಟ್ಟರು, ಮಕ್ಕಳಿಲ್ಲ, ತಿರುಗಿ ಬಂದಳು" ಎಂದು ಅವನು ರಾಗವಾಗಿ ಹೇಳುವುದನ್ನು ಈ ವಯಸ್ಸಿನಲ್ಲಿ ಅವಳು ಬಾಗಿಲಲ್ಲಿ ನಿಂತು ಕೇಳಬೇಕೇ? ಅದೇ ಜಂಬಣ್ಣ ಆ ಮನೆಗೂ ಹೆಳವ. ಅವಳನ್ನು ಹೊರಗೆ ಹಾಕಿದವನು ಇನ್ನೂ ಬದುಕಿದ್ದಾನೆ, ಮೊಮ್ಮಕ್ಕಳ ನಡುವೆ ಮಂಚದ ಮೇಲೆ ಕೂತು ತನ್ನ ವಂಶ ಕೇಳುತ್ತಾನೆ. ಅವಳನ್ನು ಕರೆದುಕೊಂಡು ಬರಲು ಅಪ್ಪನ ಜೊತೆ ಹೋದ ಹುಡುಗ ನಾನು. ಅಂಗಳದಲ್ಲಿ ಅವಳ ಟ್ರಂಕು ಬಿದ್ದಿತ್ತು. ಆ ಮನೆಯವರು ನಮಗೆ ನೀರು ಕೊಡಲಿಲ್ಲ. ನೀನು ಝೆರಾಕ್ಸ್‌ನಲ್ಲಿ ಓದಿದ್ದನ್ನು ನಾನು ಕಂಡಿದ್ದೇನೆ.

ಅವಳನ್ನು ಮರೆಸಿದ್ದೇನೆ ಎನ್ನುವ ಹಾಗೆ ಬರೆಯುತ್ತೀಯ. ನಾನು ಮುಚ್ಚಿದ್ದೇನೆ. ಎರಡೂ ಬೇರೆ.

ಈ ಸುಗ್ಗಿಗೆ ಬರಬೇಡ.

ಕರಿಸಿದ್ದಪ್ಪ


ಮೈಸೂರು
8 ಫೆಬ್ರವರಿ 2025

ಅವಮಾನ ಅವಳದಲ್ಲ, ದೊಡ್ಡಪ್ಪ. ಟ್ರಂಕು ಎಸೆದವರದು. ನೀವು ಇಷ್ಟು ವರ್ಷ ಮುಚ್ಚಿದ್ದು ಅವರ ಮಾನವನ್ನು.

ಪ್ರಾಜೆಕ್ಟ್ ಒಪ್ಪಿಸಿದೆ. ಧ್ವನಿ ಇರಲಿಲ್ಲ, ಚಿತ್ರ ಇರಲಿಲ್ಲ, ಬರೀ ಬಾಯಿಮಾತು. ಹಿಂದಿನ ಬೆಂಚಿನವರು ಈ ಸಲ ನಗಲೂ ಇಲ್ಲ, ಮೊಬೈಲ್ ನೋಡುತ್ತಿದ್ದರು. ಮೇಡಂ "ಆಧಾರ ಸಾಲದು" ಎಂದು ಬರೆದು ಪಾಸಾಗುವಷ್ಟು ಕೊಟ್ಟಿದ್ದಾರೆ. ಅವರ ಮೇಲೂ ಸಿಟ್ಟಿದೆ. ಒಂದು ಪ್ರಶ್ನೆ ಕೇಳಿ ಮನೆಯನ್ನು ಹೊತ್ತಿಸಿ, ತಾವು ಮುಂದಿನ ಪಾಠಕ್ಕೆ ಹೋದರು.

ಇನ್ನು ಬರೆಯುವುದಿಲ್ಲ.

ಶಿವಲೀಲಾ


ಕಾನಹೊಸಹಳ್ಳಿ
19 ಫೆಬ್ರವರಿ 2025

ಶಿವಲೀಲಾಳಿಗೆ,

ನೀನು ಬರೆಯದಿದ್ದರೆ ಬೇಡ. ಮನೆಯಲ್ಲಿ ನೀನು ಹಚ್ಚಿದ ಬೆಂಕಿ ಏನು ಮಾಡಿತೆಂದು ತಿಳಿದುಕೊ.

ಜಂಬಣ್ಣ ಸೋಮವಾರ ಬಂದ. ಎತ್ತಿಲ್ಲ, ಯಾರದೋ ಹಳೆಯ ಸ್ಕೂಟರು. ಓಣಿಯವರೆಲ್ಲ ಸೇರಿದರು. ನಿನ್ನ ಅಪ್ಪ ದುರುಗೇಶನೂ ಹಡಗಲಿಯಿಂದ ಬಂದಿದ್ದ. ಎಂದಿನಂತೆ ಮೂಲದಿಂದ ಹಿಡಿದು ದುರುಗೇಶನ ತನಕ ಹೇಳಿ ಕೈ ಮುಗಿದ. ನಾನು ಜೋಳದ ಚೀಲ, ಪಂಚೆ ತಂದಿಟ್ಟೆ. ಅಷ್ಟರಲ್ಲಿ ಕೊಟ್ಟಿಗೆಯಿಂದ ಗಾದೆಮ್ಮ ಕೆಂದಿಯ ಹಗ್ಗ ಹಿಡಿದು ಬಂದಳು. ಆ ಆಕಳು ಅವಳದೇ, ಬೆಣ್ಣೆ ಮಾರಿ ಕೊಂಡದ್ದು, ನಾನು ಮಾತಾಡುವ ಹಾಗಿಲ್ಲ. ಹಗ್ಗವನ್ನು ಅವನ ಕೈಯಲ್ಲಿ ಇಟ್ಟಳು.

"ಏನಬೇ ಇದು?" ಎಂದೆ.

"ಕಣ್ಣು ಕಾಣಂಗಿಲ್ಲೇನು, ಆಕಳ" ಎಂದಳು. ಆಮೇಲೆ ಅವನ ಕಡೆ ತಿರುಗಿ, "ಜಂಬಣ್ಣ, ಆಕಳ ಕೊಟ್ಟೋರ ಹೆಸರು ಹೋದ ಮನಿಯಾಗೆಲ್ಲ ಹೇಳಬೇಕಂತಲ್ಲ, ಹೌದಿಲ್ಲೋ?"

"ಹೇಳಬೇಕ್ರಿ ಯವ್ವ. ಅದು ನಮ್ಮ ಹಿರ್ಯಾರು ಹಾಕಿದ್ದು."

"ಹೆಂಗಸು ಕೊಟ್ರ?"

ಅವನು ತಲೆ ಕೆರೆದುಕೊಂಡ. "ಕೊಟ್ಟೋರು ಗಂಡೋ ಹೆಣ್ಣೋ ಅಂತ ಆಕಳ ಕೇಳಂಗಿಲ್ರಿ. ನಾ ಯಾಕ ಕೇಳ್ಲಿ?"

"ಹಂಗಾರ ಹೇಳು. ಕರಿಸಿದ್ದನ ಮನಿ ಅಂತ ಅಲ್ಲ, ದುರುಗೇಶನ ಮನಿ ಅಂತ ಅಲ್ಲ. ಗಾದೆಮ್ಮ ಕೊಟ್ಟಳು ಅಂತ ಹೇಳು. ತೆಲಿಗಿಯಾಗ ಎರಡು ಸಲ ಹೇಳು, ಆ ಮುದುಕಗ ಕಿವಿ ಮಂದ ಅಂತ."

ಓಣಿಯವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ದುರುಗೇಶ ಎದ್ದು ಒಳಗೆ ಹೋದ. ನಾನು "ಮನೀ ಮರ್ಯಾದಿ" ಎಂದು ಬಾಯಿ ತೆರೆದೆ. "ನಿಮ್ಮನೀ ಮರ್ಯಾದಿ ನೀ ಇಟ್ಕ, ನಾ ಏನ್ ಮುಟ್ಟಿಲ್ಲ. ನನ್ನ ಆಕಳ ಕೊಟ್ಟೀನಿ" ಎಂದಳು. ಮನೆತನದ ಸಾಲಿನಲ್ಲಿ ಸೇರಿಸು ಎಂದು ಒಂದು ಮಾತೂ ಕೇಳಲಿಲ್ಲ. ನಾನು ಬೇಡವೆನ್ನಲು ಅಲ್ಲಿ ಏನೂ ಉಳಿದಿರಲಿಲ್ಲ.

ಹಾಲು ಕೊಡುವ ಆಕಳು ಹೋಯಿತು. ನಿನಗೆ ಸಂತೋಷವಾಗಿರಬೇಕು.

ಕರಿಸಿದ್ದಪ್ಪ


ಕಾನಹೊಸಹಳ್ಳಿ
3 ಮಾರ್ಚ್ 2025

ಶಿವಲೀಲಾಳಿಗೆ,

ನಿನ್ನಿಂದ ಉತ್ತರವಿಲ್ಲ. ನಿನ್ನ ಹಟ ಯಾರ ಕಡೆಯಿಂದ ಬಂದದ್ದೆಂದು ಈಗ ತಿಳಿಯಿತು.

ತೆಲಿಗಿಗೆ ಹೋಗಿದ್ದೆ. ಜಂಬಣ್ಣನಿಗೆ ಬೇರೇನಾದರೂ ಕೊಟ್ಟು ಆಕಳನ್ನು ಬಿಡಿಸಿಕೊಂಡು ಬರೋಣವೆಂದು ಹೋದದ್ದು, ಬೇರೆ ಏನೂ ಕಲ್ಪಿಸಿಕೊಳ್ಳಬೇಡ. ಹುಡುಗನಾಗಿ ಹೋದ ಮೇಲೆ ಆ ಊರಿಗೆ ಕಾಲಿಟ್ಟಿರಲಿಲ್ಲ. ನಾನು ಹೋಗುವಷ್ಟರಲ್ಲಿ ಅವನು ಆ ಮನೆಯ ಮುಂದೆಯೇ ನಿಂತಿದ್ದ. ಕೆಂದಿಯನ್ನು ಎದುರಿನ ಕಂಬಕ್ಕೆ ಕಟ್ಟಿದ್ದ. ನಾನು ಹೋಟೆಲಿನ ಮರೆಯಲ್ಲಿ ನಿಂತೆ.

ಮುದುಕ ಮಂಚದ ಮೇಲೆ ಕೂತಿದ್ದ, ಸುತ್ತ ಮಕ್ಕಳು ಮೊಮ್ಮಕ್ಕಳು. ಜಂಬಣ್ಣ ಅವರ ವಂಶವನ್ನೆಲ್ಲ ಹೇಳಿ ಮುಗಿಸಿ, ಆಕಳು ಕೊಟ್ಟವರನ್ನು ಹೊಗಳಲು ತೊಡಗಿದ. ನಮ್ಮ ಮುತ್ಯಾನ ಹೆಸರು ಬಂತು. ಆಮೇಲೆ ಕಾನಹೊಸಹಳ್ಳಿಯ ಗಾದೆಮ್ಮ, ಕೆಂಪು ಆಕಳು, ತುಂಬಿದ ಕೆಚ್ಚಲು, ಕೊಟ್ಟ ಕೈ ತಣ್ಣಗಿರಲಿ ಎಂದು ರಾಗವಾಗಿ ಹೇಳಿದ.

"ಯಾರಾಕಿ ಗಾದೆಮ್ಮ?" ಎಂದು ಒಬ್ಬ ಸೊಸೆ ಕೇಳಿದಳು. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬನನ್ನು ಬಿಟ್ಟು.

"ಮುಂದ ಹೇಳೋ" ಎಂದು ಮುದುಕ ಗದರಿದ.

"ಮುಂದ ಏನಿಲ್ರಿ. ಹೇಳಿದ್ದ ಇನ್ನೊಮ್ಮಿ ಹೇಳಬೇಕಂತ ಆಕಿ ಕರಾರು" ಎಂದು ಜಂಬಣ್ಣ ಇನ್ನೊಮ್ಮೆ ಹೇಳಿದ. ಈ ಸಲ ಹೋಟೆಲಿನವನೂ ಸೌಟು ಹಿಡಿದು ಹೊರಗೆ ಬಂದು ನೋಡಿದ. ಸೊಸೆ ಮತ್ತೆ ಕೇಳಿದಳು, "ಮಾವಾರ, ಯಾರ್ರಿ ಆಕಿ?" ಮುದುಕ ಕೇಳಿಸದವನ ಹಾಗೆ ಕೂತ. ಆ ಸೊಸೆ ಕೇಳುವುದನ್ನು ಬಿಡುವ ಪೈಕಿಯವಳಲ್ಲ ಎಂದು ನನಗೆ ಅನ್ನಿಸಿತು.

ಆಕಳನ್ನು ಕೇಳದೆ ಬಸ್ಸು ಹತ್ತಿದೆ.

ಮನೆಗೆ ಬಂದರೆ ಗಾದೆಮ್ಮ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

"ಎರಡು ಸಲ ಹೇಳಿದನೇನು?"

"ಹೂಂ."

"ಗಟ್ಟಿಯಾಗಿ?"

"ಹೂಂ ಅಂದೆನಲ್ಲಬೇ."

ಕಾಯಿ ಬಿಡಿಸುವುದನ್ನು ಮುಂದುವರಿಸಿದಳು.

ಇದಕ್ಕೂ ನಿನ್ನ ಕೊರಿಯಾಕ್ಕೂ ಸಂಬಂಧವಿಲ್ಲ. ನಿನ್ನ ಮೇಡಂ ಇದಕ್ಕೆ ಅಂಕ ಕೊಡುತ್ತೇನೆಂದರೂ ಬೇಡವೆನ್ನು. ನಮ್ಮ ಮನೆತನದ ಸಾಲಿನಲ್ಲಿ ಹೆಣ್ಣಿನ ಹೆಸರು ಸೇರಿಸುವುದಕ್ಕೆ ನಾನು ಇವತ್ತಿಗೂ ಒಪ್ಪಿಲ್ಲ.

ಇನ್ನೊಂದು. ಕೆಂದಿಯ ಹೋದ ವರ್ಷದ ಹೆಣ್ಣು ಕರು ಕೊಟ್ಟಿಗೆಯಲ್ಲೇ ಇದೆ. ಅದನ್ನು ಮಾರುವುದಿಲ್ಲವಂತೆ, ನಿನ್ನದಂತೆ. "ಆಕಿಗಿ ಹೇಳು, ಬೇಕಾದಾಗ ಹಗ್ಗ ಹಿಡಿಲಿ" ಎಂದಳು. ಹೇಳಿದ್ದೇನೆ. ದಿನಾ ಅದಕ್ಕೆ ಮೇವು ಹಾಕುವವನು ನಾನಲ್ಲ. ಬಂದು ನೋಡಿಕೊ.

ಕರಿಸಿದ್ದಪ್ಪ